ಗಿರಣಿ ಯಾವ ಊರಾಗ ಹಾಕೋಣ? – ಒಕ್ಕೂಟದ ಸಭೆಗೊಂದು ಪಾಠ



ಉಳಿತಾಯ, ಸಾಲ, ಮರುಪಾವತಿ – ಈ ಮೂರೂ ನಮಗೆ ಬಾಯಿಪಾಠ ಆಗಿವೆ. ಆದರೆ ನಾಲ್ಕಾರು ಸಂಘಗಳು ಕೂಡಿ ಒಂದು ಸಣ್ಣ ಬೇಳೆ ಗಿರಣಿ ಹಾಕೋಣ, ಒಂದು ಗೋದಾಮು ಮಾಡೋಣ ಎಂದು ಹೊರಟಾಗ ಹೊಸ ಪ್ರಶ್ನೆ ಬರುತ್ತದೆ: ಎಲ್ಲಿ? ಸಾಲ ಮಂಜೂರಾಗುವವರೆಗೆ ಒಂದಾಗಿದ್ದ ಸಂಘಗಳು ಈ ಒಂದು ಪ್ರಶ್ನೆಗೆ ಒಡೆಯಬಹುದು. ಸಭೆಯಲ್ಲಿ ಮಾತು ಹೀಗೆ ಸಾಗುತ್ತದೆ:

"ನಮ್ಮೂರಾಗ ಶೆಡ್ ಖಾಲಿ ಐತಿ, ಬಾಡಿಗಿ ಕೊಡೂದು ಬ್ಯಾಡ, ಅಲ್ಲೇ ಹಾಕ್ರಿ."

"ನಿಮ್ಮೂರು ಒಂದ್ ಮೂಲ್ಯಾಗ ಐತಿ ಅಕ್ಕಾ. ಹಿಪ್ಪರಗಿ ಬಸ್ ಸ್ಟ್ಯಾಂಡ್ ಹತ್ರ ಹಾಕಿದ್ರ ಎಲ್ಲಾರಿಗೂ ಅನುಕೂಲ."

"ಹಿಪ್ಪರಗಿತನಕ ಚೀಲ ಒಯ್ಯೋರು ಯಾರ್ರಿ? ನಾವೇ ಹೌದಲ್ಲೋ?"

ಮೂವರ ಮಾತಿನಲ್ಲೂ ಸತ್ಯ ಇದೆ. ಆದರೆ ಯಾರೂ ಲೆಕ್ಕ ಮಾಡಿಲ್ಲ. ಜೋರಾಗಿ ಮಾತಾಡಿದವರ ಊರಿಗೆ ಗಿರಣಿ ಹೋಯಿತು ಅಂತಿಟ್ಟುಕೊಳ್ಳಿ. ಉಳಿದವರು ಎರಡು ವರ್ಷ ಗೊಣಗುತ್ತಾ ಚೀಲ ಒಯ್ಯುತ್ತಾರೆ. ಮೂರನೇ ವರ್ಷ "ಯಾಕ್ ಬೇಕ ಈ ತ್ರಾಸ" ಎಂದು ದಲಾಲಿ ಅಂಗಡಿಗೇ ತೊಗರಿ ಹಾಕುತ್ತಾರೆ. ಗಿರಣಿ ಖಾಲಿ ಬೀಳುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಜಾಗ ಆರಿಸುವ ಕೆಲಸವನ್ನು ಕೂತು ಕಲಿಯೋಣ.

1. ಇದು ನಮಗೆ ಗೊತ್ತಿರುವ ವಿದ್ಯೆಯೇ

ನಮ್ಮ ಹಿರಿಯರು ಕಣ ಎಲ್ಲಿ ಮಾಡುತ್ತಿದ್ದರು? ಹೊಲದಲ್ಲೇ, ಇಲ್ಲವೇ ಹೊಲದ ಹತ್ತಿರ. ಯಾಕೆ? ತೆನೆ, ದಂಟು, ಹೊಟ್ಟು ಎಲ್ಲವನ್ನೂ ಮನೆಗೆ ತಂದು ಬಡಿಯುವುದಕ್ಕಿಂತ ಅಲ್ಲೇ ರಾಶಿ ಮಾಡಿ ಕಾಳು ಮಾತ್ರ ತಂದರೆ ಹೊರೆ ಕಡಿಮೆ. ಹಗೇವು ತೋಡುವಾಗ ಏನು ನೋಡುತ್ತಿದ್ದರು? ನೀರು ನಿಲ್ಲದ ಎತ್ತರದ ಜಾಗ, ಮನೆಯವರ ಕಣ್ಣಿಗೆ ಬೀಳುವ ಜಾಗ. ಕಣಕ್ಕೊಂದು ಜಾಗ, ಹಗೇವಿಗೆ ಇನ್ನೊಂದು ಜಾಗ. ಕೆಲಸ ನೋಡಿ ಜಾಗ ಆರಿಸಬೇಕು ಎಂಬ ಬುದ್ಧಿ ನಮ್ಮಲ್ಲಿ ಮೊದಲಿನಿಂದ ಇದೆ. ಈಗ ಅದನ್ನೇ ಕಾಗದದ ಮೇಲೆ ಮಾಡಬೇಕು, ಅಷ್ಟೆ.

2. ತೂಕ ಕಳೆದುಕೊಳ್ಳುವ ಮಾಲು, ಜಾಗ ಹಿಡಿಯುವ ಮಾಲು

ನೂರು ಕಿಲೋ ಕಬ್ಬು ಅರೆದರೆ ಸುಮಾರು ಹತ್ತು ಕಿಲೋ ಸಕ್ಕರೆ. ಉಳಿದ ತೊಂಬತ್ತು ಕಿಲೋವನ್ನು ದೂರದ ಪಟ್ಟಣಕ್ಕೆ ಸಾಗಿಸುವುದು ದಂಡ. ಮೇಲಾಗಿ, ಕಡಿದ ಕಬ್ಬು ಒಣಗಿದಂತೆ ಇಳುವರಿ ಕಡಿಮೆ. ಆದ್ದರಿಂದಲೇ ಸಕ್ಕರೆ ಕಾರ್ಖಾನೆಗಳು ಕಬ್ಬಿನ ನಡುವೆ ಇರುತ್ತವೆ. ಇಂಡಿ ತಾಲೂಕಿನ ಮರಗೂರಿನ ಭೀಮಾಶಂಕರ ಸಹಕಾರಿ ಕಾರ್ಖಾನೆ ನಮಗೆ ಹತ್ತಿರದ ಉದಾಹರಣೆ.

ತೊಗರಿಯೂ ಹೀಗೆಯೇ, ಆದರೆ ಇಷ್ಟು ಜೋರಾಗಿ ಅಲ್ಲ. ನೂರು ಕಿಲೋ ತೊಗರಿ ಒಡೆದರೆ ಸುಮಾರು 70 ಕಿಲೋ ಬೇಳೆ ಸಿಗುತ್ತದೆ. ಉಳಿದದ್ದು ನುಚ್ಚು, ಹೊಟ್ಟು. ಅದು ಎಮ್ಮೆ-ಆಕಳಿಗೆ ಒಳ್ಳೆಯ ಮೇವು. ಗಿರಣಿ ಪಟ್ಟಣದಲ್ಲಿದ್ದರೆ ಆ ಹೊಟ್ಟನ್ನು ನಾವೇ ಬಾಡಿಗೆ ಕೊಟ್ಟು ಒಯ್ದು, ಮತ್ತೆ ನಾವೇ ದುಡ್ಡು ಕೊಟ್ಟು ತಂದಂತೆ.

ಖಡಕ್ ರೊಟ್ಟಿಯದು ಉಲ್ಟಾ. ಒಂದು ಚೀಲ ಜೋಳದ ಹಿಟ್ಟು ಟಂಟಂನಲ್ಲಿ ಒಂದು ಮೂಲೆಯಲ್ಲಿ ಕೂಡುತ್ತದೆ. ಅದೇ ಹಿಟ್ಟಿನ ರೊಟ್ಟಿ ಇಡೀ ಟಂಟಂ ತುಂಬುತ್ತದೆ, ತಗ್ಗು ಬಂದಲ್ಲೆಲ್ಲಾ ಮುರಿಯುತ್ತದೆ. ಆದ್ದರಿಂದ ರೊಟ್ಟಿ ಮಾಡುವ, ಕಟ್ಟುವ ಕೆಲಸ ಮಾರುವ ಜಾಗಕ್ಕೆ ಹತ್ತಿರ ಇದ್ದರೆ ಲಾಭ. ವಿಜಯಪುರ–ಸಿಂದಗಿ–ಕಲಬುರಗಿ ಹೆದ್ದಾರಿಯ ಮೇಲಿರುವ ದೇವರ ಹಿಪ್ಪರಗಿ ಅಂಥ ಜಾಗ.

ನೆನಪಿಡಿ: ಕೆಲಸ ಆದ ಮೇಲೆ ಹಗುರಾಗುವ ಮಾಲಿಗೆ ಹೊಲದ ಹತ್ತಿರ. ಕೆಲಸ ಆದ ಮೇಲೆ ಉಬ್ಬುವ, ಮುರಿಯುವ ಮಾಲಿಗೆ ಪೇಟೆಯ ಹತ್ತಿರ.

3. ಲೆಕ್ಕ ಮಾಡಿ ನೋಡೋಣ

ಇದು ಕಲಿಯಲಿಕ್ಕೆ ಮಾಡಿದ ಲೆಕ್ಕ. ನಿಮ್ಮ ಊರಿನ ಅಂಕಿ ಹಾಕಿ ನೀವೇ ಮತ್ತೆ ಮಾಡಬೇಕು.

ಹಿಪ್ಪರಗಿಯಿಂದ ಹೊರಟ ಒಂದೇ ರಸ್ತೆಯ ಮೇಲೆ ನಾಲ್ಕು ಊರು ಇವೆ ಎಂದುಕೊಳ್ಳಿ. ಬೇಳೆ ಮಾರುವುದು ಹಿಪ್ಪರಗಿಯಲ್ಲಿ.

ಒಂದನೇ ಊರು – 4 ಕಿ.ಮೀ. – ಸದಸ್ಯೆಯರ ತೊಗರಿ 20 ಕ್ವಿಂಟಲ್
ಎರಡನೇ ಊರು – 9 ಕಿ.ಮೀ. – 70 ಕ್ವಿಂಟಲ್
ಮೂರನೇ ಊರು – 12 ಕಿ.ಮೀ. – 40 ಕ್ವಿಂಟಲ್
ನಾಲ್ಕನೇ ಊರು – 16 ಕಿ.ಮೀ. – 30 ಕ್ವಿಂಟಲ್

ಒಟ್ಟು 160 ಕ್ವಿಂಟಲ್. ಒಡೆದರೆ 112 ಕ್ವಿಂಟಲ್ ಬೇಳೆ. ಒಂದು ಕ್ವಿಂಟಲನ್ನು ಒಂದು ಕಿ.ಮೀ. ಒಯ್ದರೆ ಅದು ಒಂದು 'ಹೊರೆ' ಎನ್ನೋಣ.

ಗಿರಣಿಯನ್ನು ಎರಡನೇ ಊರಿಗೆ ಹಾಕಿದರೆ: ಒಂದನೇ ಊರಿನವರು 20 ಕ್ವಿಂಟಲ್ 5 ಕಿ.ಮೀ. ತರಬೇಕು, 100 ಹೊರೆ. ಎರಡನೇ ಊರಿನವರಿಗೆ ಸೊನ್ನೆ. ಮೂರನೇ ಊರಿನವರದು 40 ಕ್ವಿಂಟಲ್ 3 ಕಿ.ಮೀ., 120 ಹೊರೆ. ನಾಲ್ಕನೇ ಊರಿನವರದು 30 ಕ್ವಿಂಟಲ್ 7 ಕಿ.ಮೀ., 210 ಹೊರೆ. ಒಟ್ಟು 430. ಆಮೇಲೆ 112 ಕ್ವಿಂಟಲ್ ಬೇಳೆ 9 ಕಿ.ಮೀ. ದೂರದ ಹಿಪ್ಪರಗಿಗೆ, 1008 ಹೊರೆ.

ಈಗ ಒಂದು ಮುಖ್ಯ ಮಾತು. ಎಲ್ಲಾ ಹೊರೆಯ ಬೆಲೆ ಒಂದೇ ಅಲ್ಲ. ಗಿರಣಿಗೆ ತೊಗರಿ ಬರುವುದು ಒಂದು ಚೀಲ, ಎರಡು ಚೀಲ, ಟಂಟಂ ಹಿಡಿದು. ಗಿರಣಿಯಿಂದ ಬೇಳೆ ಹೋಗುವುದು ಒಂದೇ ಸಲ, ಗಾಡಿ ತುಂಬಿಸಿಕೊಂಡು. ಬಿಡಿ ಚೀಲಕ್ಕೆ ಹೊರೆಗೆ 3 ರೂಪಾಯಿ, ತುಂಬಿದ ಗಾಡಿಗೆ ಹೊರೆಗೆ 1 ರೂಪಾಯಿ ಎಂದು ಹಿಡಿಯೋಣ. ಎರಡನೇ ಊರಿನ ಖರ್ಚು: 430 × 3 = 1290, ಅದಕ್ಕೆ 1008 ಕೂಡಿಸಿದರೆ 2298 ರೂಪಾಯಿ.

ಇದೇ ರೀತಿ ಉಳಿದ ಜಾಗಗಳ ಖರ್ಚು:

ಹಿಪ್ಪರಗಿ – 5010 ರೂ.
ಒಂದನೇ ಊರು – 3538 ರೂ.
ಎರಡನೇ ಊರು – 2298 ರೂ.
ಮೂರನೇ ಊರು – 2814 ರೂ.
ನಾಲ್ಕನೇ ಊರು – 4462 ರೂ.

"ಎಲ್ಲಾರಿಗೂ ಅನುಕೂಲ" ಅಂದಿದ್ದ ಹಿಪ್ಪರಗಿಯೇ ಎಲ್ಲಕ್ಕಿಂತ ತುಟ್ಟಿ! ಬಸ್ಸಿಗೆ ಅನುಕೂಲವಾದ ಜಾಗ ಚೀಲಕ್ಕೆ ಅನುಕೂಲ ಆಗಬೇಕೆಂದಿಲ್ಲ.

ಪುಕ್ಕಟೆ ಶೆಡ್ ಇರುವುದು ನಾಲ್ಕನೇ ಊರಿನಲ್ಲಿ ಅಂತಿಟ್ಟುಕೊಳ್ಳಿ. ಅಲ್ಲಿಗೂ ಎರಡನೇ ಊರಿಗೂ ಇರುವ ವ್ಯತ್ಯಾಸ 2164 ರೂಪಾಯಿ. ಎರಡನೇ ಊರಿನಲ್ಲಿ ಆ ಹಂಗಾಮಿನ ಶೆಡ್ ಬಾಡಿಗೆ ಇದಕ್ಕಿಂತ ಕಡಿಮೆಯಾದರೆ ಬಾಡಿಗೆ ಕೊಡುವುದೇ ಲಾಭ. ಹೆಚ್ಚಾದರೆ ಪುಕ್ಕಟೆ ಶೆಡ್ಡೇ ಸರಿ. ಇಲ್ಲಿ ಹಟ ಬೇಡ, ಅಂಕಿ ಮಾತಾಡಲಿ.

ಒಂದು ಸುಲಭ ಉಪಾಯವೂ ಇದೆ. ಊರುಗಳು ಒಂದೇ ರಸ್ತೆಯ ಮೇಲಿದ್ದರೆ ಒಂದು ತುದಿಯಿಂದ ಕ್ವಿಂಟಲ್ ಕೂಡಿಸುತ್ತಾ ಹೋಗಿ. ಒಟ್ಟಿನ ಅರ್ಧ ಯಾವ ಊರಿನಲ್ಲಿ ದಾಟುತ್ತದೋ, ತೊಗರಿ ತರುವ ಹೊರೆ ಅಲ್ಲಿ ಎಲ್ಲಕ್ಕಿಂತ ಕಡಿಮೆ. ನಮ್ಮ ಲೆಕ್ಕದಲ್ಲಿ ಅರ್ಧ ಎಂದರೆ 80. ಒಂದನೇ ಊರಿಗೆ 20, ಎರಡನೇ ಊರು ಸೇರಿದರೆ 90. ಉತ್ತರ ಎರಡನೇ ಊರು.

4. ಲೆಕ್ಕದಲ್ಲಿ ಬಾರದ ಮಾತುಗಳು

ಕರೆಂಟು: ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಸಂಘಗಳಿಗೆ ಹೊಂದುವ ಸಣ್ಣ ದಾಲ್ ಮಿಲ್ ರೂಪಿಸಿದೆ. ಯಾವ ಮಷಿನ್ ತಂದರೂ ಅದಕ್ಕೆ ಎಂಥ ಕರೆಂಟು ಬೇಕು, ಆ ಊರಿನಲ್ಲಿ ಅದು ದಿನಕ್ಕೆ ಎಷ್ಟು ತಾಸು ಇರುತ್ತದೆ ಎಂದು ಮೊದಲೇ ಕೇಳಿ. ತೊಗರಿ ಒಣಗಿಸಲು ಬಿಸಿಲು ಬೀಳುವ ಅಂಗಳವೂ ಬೇಕು.

ದಾರಿ: ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ನೋಡಿ ಮೆಚ್ಚಿದ ದಾರಿ ಮಳೆಗಾಲದಲ್ಲಿ ಕಾಲು ಹಿಡಿಯುತ್ತದೆ. ಡೋಣಿ ಉಕ್ಕಿ ರಸ್ತೆ ಬಂದ್ ಆಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಜಾಗವನ್ನು ಒಮ್ಮೆ ಮಳೆಯಲ್ಲೂ ನೋಡಿ ಬನ್ನಿ.

ಕೊನೆಯವಳು: ಒಟ್ಟು ಖರ್ಚು ಕಡಿಮೆ ಆಯಿತೆಂದು ಎಲ್ಲರಿಗೂ ನ್ಯಾಯ ಆಯಿತು ಎಂದಲ್ಲ. ನಾಲ್ಕನೇ ಊರಿನಲ್ಲಿ ಒಬ್ಬಳೇ ಇರುವ ಅಜ್ಜಿ ಎರಡು ಚೀಲಕ್ಕಾಗಿ 7 ಕಿ.ಮೀ. ಬಾಡಿಗೆ ಗಾಡಿ ಹಿಡಿಯಬೇಕೇ? ಅವಳ ಊರಿನಲ್ಲಿ ವಾರಕ್ಕೊಂದು ದಿನ ತೂಕ ಮಾಡಿ, ಎಲ್ಲರ ಚೀಲ ಒಂದೇ ಗಾಡಿಗೆ ಹಾಕಿ ತನ್ನಿ. ಬಿಡಿ ಚೀಲದ ಹೊರೆ ತುಂಬಿದ ಗಾಡಿಯ ಹೊರೆ ಆಗುತ್ತದೆ. ಆ ಉಳಿತಾಯ ಅಜ್ಜಿಗೂ ಸಿಗುತ್ತದೆ, ಒಕ್ಕೂಟಕ್ಕೂ.

ಕೀಲಿಕೈ: ಪುಕ್ಕಟೆ ಶೆಡ್ ಯಾರ ಹೆಸರಿನಲ್ಲಿದೆ? ನಾಳೆ ಮನಸ್ತಾಪ ಬಂದು ಅವರು ಬಾಗಿಲಿಗೆ ಕೀಲಿ ಹಾಕಿದರೆ ಒಳಗಿನ ಮಷಿನ್ ಯಾರದು? ಬಾಡಿಗೆ ಇರಲಿ, ಪುಕ್ಕಟೆ ಇರಲಿ, ಕರಾರು ಪತ್ರ ಇಲ್ಲದೆ ಮಷಿನ್ ಇಳಿಸಬೇಡಿ.

5. ಎಲ್ಲವೂ ಒಂದೇ ಕಡೆ ಇರಬೇಕೇ?

ಬೇಕಿಲ್ಲ. ಇದನ್ನು ತೋರಿಸಿಕೊಟ್ಟವರು ನಮ್ಮಂಥ ಹೆಣ್ಣುಮಕ್ಕಳೇ. 1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವ್‌ನಲ್ಲಿ ಏಳು ಜನ ಮಹಿಳೆಯರು 80 ರೂಪಾಯಿ ಸಾಲ ಪಡೆದು, ಮಾಳಿಗೆಯ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಅದೇ ಇಂದಿನ ಲಿಜ್ಜತ್ ಪಾಪಡ್. ಅವರ ಏರ್ಪಾಡು ನೋಡಿ: ಹಿಟ್ಟು ಕಲಸುವುದು ಕೇಂದ್ರದಲ್ಲಿ, ಎಲ್ಲರಿಗೂ ಒಂದೇ ರುಚಿ ಬರಲೆಂದು. ಲಟ್ಟಿಸುವುದು, ಒಣಗಿಸುವುದು ಅವರವರ ಮನೆಯಲ್ಲಿ, ಮಕ್ಕಳು-ಅಡುಗೆ ನೋಡಿಕೊಳ್ಳುತ್ತಾ. ಮರುದಿನ ಹಪ್ಪಳ ತಂದು ತೂಕ ಹಾಕಿ, ಕೂಲಿ ಪಡೆದು, ಹೊಸ ಹಿಟ್ಟು ಒಯ್ಯುತ್ತಾರೆ. ಪರೀಕ್ಷೆ, ಪ್ಯಾಕಿಂಗ್ ಮತ್ತೆ ಕೇಂದ್ರದಲ್ಲಿ. ಸ್ಥಾಪಕರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಹಾಲಿನದೂ ಇದೇ ದಾರಿ. ಹಾಲು ಕೆಡುತ್ತದೆ, ದಿನಕ್ಕೆ ಎರಡು ಸಲ ಕೈಯಲ್ಲಿ ಹಿಡಿದು ಒಯ್ಯಬೇಕು. ಅದಕ್ಕೇ ಹಾಲು ಹಾಕುವ ಸಂಘ ಪ್ರತಿ ಊರಿನಲ್ಲಿ, ತಂಪು ಮಾಡುವ ಕೇಂದ್ರ ಹತ್ತಾರು ಊರಿಗೊಂದು, ದೊಡ್ಡ ಡೈರಿ ಪಟ್ಟಣದಲ್ಲಿ. ಕೈಯಿಂದ ಒಯ್ಯುವ ಕೆಲಸಕ್ಕೆ ಹತ್ತಿರದ, ಸಣ್ಣ, ಬಹಳ ಜಾಗಗಳು. ತುಟ್ಟಿ ಮಷಿನ್ ಬೇಕಾದ ಕೆಲಸಕ್ಕೆ ಒಂದೇ ದೊಡ್ಡ ಜಾಗ.

ನಮ್ಮ ಒಕ್ಕೂಟಕ್ಕೂ ಹೀಗೆ ಆಗಬಹುದು: ತೂಕ ನಾಲ್ಕೂ ಊರಿನಲ್ಲಿ, ಒಡೆಯುವುದು ಎರಡನೇ ಊರಿನಲ್ಲಿ, ಮಾರುವ ಮಳಿಗೆ ಹಿಪ್ಪರಗಿಯಲ್ಲಿ. ಆಗ "ಗಿರಣಿ ನಿಮ್ಮೂರಿಗೆ ಹೋತು, ನಮಗೇನು ಬಂತು?" ಎಂಬ ಜಗಳಕ್ಕೂ ಜಾಗ ಇಲ್ಲ.

6. ಒಮ್ಮೆ ಹೂಡಿದ ಗೂಟ

ಗದಗ–ಹೊಟಗಿ ರೈಲು ಮಾರ್ಗ ಹಾಕಿದ್ದು 1884ರಲ್ಲಿ. ಆ ಮಾರ್ಗದಲ್ಲಿ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂಬ ನಿಲ್ದಾಣಗಳಿವೆ. ಹೆಸರಿನಲ್ಲಿರುವ 'ರೋಡ್' ಎಂದರೆ ಊರು ಇಲ್ಲಿಲ್ಲ, ಇಳಿದು ರಸ್ತೆ ಹಿಡಿಯಿರಿ ಎಂದು. ಹಳಿ ಸಾಗಿದ ಕಡೆ ನಿಲ್ದಾಣ ನಿಂತಿತು. ನೂರನಾಲ್ವತ್ತು ವರ್ಷ ಕಳೆದರೂ ಗಂಟು-ಮೂಟೆ ಹಿಡಿದ ಹೆಣ್ಣುಮಕ್ಕಳು ಆ ದೂರವನ್ನು ಬೇರೆ ಗಾಡಿ ಹಿಡಿದೇ ಮುಗಿಸಬೇಕು.

ನಮ್ಮದು ಸಣ್ಣ ಗಿರಣಿ. ಮೊದಲ ವರ್ಷವೇ ಗೋಡೆ ಕಟ್ಟಿಸಬೇಡಿ. ಬಾಡಿಗೆ ಶೆಡ್ಡಿನಲ್ಲಿ ಒಂದು ಹಂಗಾಮು ನಡೆಸಿ. ಯಾವ ಊರಿನಿಂದ ಎಷ್ಟು ಚೀಲ ಬಂತು ಎಂದು ಬರೆದಿಡಿ. ಅಂದಾಜು ತಪ್ಪಿದ್ದರೆ ಮಷಿನ್ ಎತ್ತಿಕೊಂಡು ಹೋಗಬಹುದು. ಗೋಡೆ ಎತ್ತಿಕೊಂಡು ಹೋಗಲಾಗದು.

ಸಂಘದ ಸಭೆಯಲ್ಲಿ ಮಾಡಿ ನೋಡಿ

ನೆಲದ ಮೇಲೆ ರಂಗೋಲಿಯಿಂದ ನಿಮ್ಮ ರಸ್ತೆ, ಊರುಗಳನ್ನು ಬರೆಯಿರಿ. ಪ್ರತಿ ಊರಿನ ಮೇಲೆ ಹತ್ತು ಕ್ವಿಂಟಲಿಗೆ ಒಂದರಂತೆ ಹುಣಸೆಬೀಜ ಇಡಿ. ಓದು ಬಾರದ ಅಕ್ಕಂದಿರಿಗೂ ಹೊರೆ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಆಮೇಲೆ ಚರ್ಚೆ ಮಾಡಿ:

1. ನಮ್ಮ ಮಾಲು ಕೆಲಸ ಆದ ಮೇಲೆ ಹಗುರಾಗುತ್ತದೋ, ಉಬ್ಬುತ್ತದೋ, ಬೇಗ ಕೆಡುತ್ತದೋ?
2. ಪ್ರತಿ ಊರಿನಿಂದ ಎಷ್ಟು ಚೀಲ? ಅದನ್ನು ಒಯ್ಯುವವರು ಯಾರು, ಹೇಗೆ?
3. ಎಲ್ಲಕ್ಕಿಂತ ದೂರದ ಸದಸ್ಯೆಗೆ ನಾವು ಏನು ಏರ್ಪಾಡು ಮಾಡುತ್ತೇವೆ?
4. ಯಾವ ಕೆಲಸ ಊರೂರಲ್ಲಿ, ಯಾವ ಕೆಲಸ ಒಂದೇ ಕಡೆ?

ಲೆಕ್ಕವನ್ನು ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಮುಂದೆ ಯಾರಾದರೂ "ಯಾಕ ಅಲ್ಲಿ ಹಾಕಿದ್ರಿ?" ಎಂದು ಕೇಳಿದರೆ ಬಾಯಿ ಜೋರು ಮಾಡಬೇಕಿಲ್ಲ, ಪುಸ್ತಕ ತೆರೆದು ತೋರಿಸಿದರೆ ಸಾಕು.