ದನಿ ಬೇಕೆಂದರೆ ಮಲಗಿಸುತ್ತಾರಲ್ಲ!

ಪ್ರಶ್ನೆ: ನಮ್ಮೂರಿನ ಯುವಕ ಸಂಘದ ನಾಟಕಕ್ಕೆ ಸಾಗರದ ಕಡೆಯಿಂದ ನಿರ್ದೇಶಕರೊಬ್ಬರು ಬಂದಿದ್ದಾರೆ. ಹತ್ತು ದಿನವಾಯಿತು, ಮಾತು ಹೇಳಿಸಿದ್ದಕ್ಕಿಂತ ಚಾಪೆಯ ಮೇಲೆ ಮಲಗಿಸಿದ್ದೇ ಹೆಚ್ಚು. ಮಲಗಿದರೆ, ಸರಿಯಾಗಿ ನಿಂತರೆ ದನಿ ಹೇಗೆ ಸುಧಾರಿಸುತ್ತದೆ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ತೀರ್ಥಹಳ್ಳಿ ಹತ್ತಿರದ ಊರೊಂದರಲ್ಲಿ ನಾನೂ ಒಮ್ಮೆ ಬಣ್ಣ ಹಚ್ಚಿದ್ದೆ. ರಾಜನ ಪಾತ್ರ. ಎದೆ ಉಬ್ಬಿಸಿ, ಗದ್ದ ಎತ್ತಿ, ಮಂಡಿ ಸೆಟೆಸಿ ನಿಂತು ಅಬ್ಬರಿಸಿದೆ. ಮೂರನೇ ದೃಶ್ಯಕ್ಕೆ ಗಂಟಲು ಕೂತಿತು. ಕೊನೆಗೆ ರಾಜಾಜ್ಞೆ ಹೊರಟದ್ದು ಪಿಸುಮಾತಿನಲ್ಲಿ. ಮನೆಯವರು ಕಾಳುಮೆಣಸಿನ ಕಷಾಯ ಕೊಟ್ಟರು. ಅದೇನು ಮಾಡೀತು? ತಪ್ಪು ಇದ್ದದ್ದು ನಾನು ನಿಂತ ರೀತಿಯಲ್ಲಿ.

ನಾಲಗೆಯ ಬುಡದಲ್ಲಿ ಲಾಳದ ಆಕಾರದ ಪುಟ್ಟ ಮೂಳೆಯೊಂದಿದೆ. ಮೈಯ ಇನ್ನಾವ ಮೂಳೆಗೂ ಅದು ಕೂಡಿಕೊಂಡಿಲ್ಲ, ಸ್ನಾಯುಗಳ ನಡುವೆ ತೂಗುತ್ತಿರುತ್ತದೆ. ಧ್ವನಿಪೆಟ್ಟಿಗೆ ಜೋತುಬಿದ್ದಿರುವುದು ಅದಕ್ಕೆ. ತೊಟ್ಟಿಲಿನ ಒಂದು ಹಗ್ಗ ಎಳೆದರೆ ತೊಟ್ಟಿಲೇ ವಾಲುತ್ತದಲ್ಲ, ಹಾಗೆ ದವಡೆ, ನಾಲಗೆಯ ಬುಡ, ಕತ್ತು, ಇವುಗಳಲ್ಲಿ ಯಾವುದು ಬಿಗಿದರೂ ಪೆಟ್ಟಿಗೆಗೆ ಅದರ ಎಳೆತ ತಾಗುತ್ತದೆ. ಒಳಗಿನ ಧ್ವನಿತಂತುಗಳು ಸಾಮಾನ್ಯ ಮಾತಿನಲ್ಲಿ ಗಂಡಸರಿಗೆ ಸೆಕೆಂಡಿಗೆ 100-130 ಸಲ, ಹೆಂಗಸರಿಗೆ 200 ಸಲದ ಆಸುಪಾಸು ಕಂಪಿಸುತ್ತವೆ. ಬಿಗಿದ ಗಂಟಲಲ್ಲಿ ಅಷ್ಟೂ ಸಲ ಒಂದಕ್ಕೊಂದು ಅಪ್ಪಳಿಸುತ್ತವೆ. ಎರಡು ಗಂಟೆಯ ನಾಟಕಕ್ಕೆ ಲೆಕ್ಕ ನೀವೇ ಹಾಕಿ.

ಇನ್ನು ಉಸಿರು. ಪಕ್ಕೆಲುಬಿನ ಗೂಡಿನ ಕೆಳಗೆ ಕೊಡೆಯಂತೆ ಕವುಚಿಕೊಂಡಿರುವ ಸ್ನಾಯುವಿಗೆ ವಪೆ ಎನ್ನುತ್ತಾರೆ. ಉಸಿರೆಳೆದಾಗ ಅದು ಕೆಳಗಿಳಿಯಬೇಕು, ಹೊಟ್ಟೆ ಅದಕ್ಕೆ ಜಾಗ ಬಿಡಬೇಕು. ಮಂಡಿ ಸೆಟೆಸಿ ಹೊಟ್ಟೆ ಒಳಗೆಳೆದುಕೊಂಡವನಿಗೆ ಆ ಜಾಗವಿಲ್ಲ, ಹೆಗಲೆತ್ತಿ ಉಸಿರು ತರುತ್ತಾನೆ. ಹಾಗೆ ತರುವಾಗ ದುಡಿಯುವುದು ಕತ್ತಿನ ಸ್ನಾಯುಗಳು. ಅವುಗಳ ನಡುವೆಯೇ ಇದೆ ನಮ್ಮ ತೊಟ್ಟಿಲು.

ಎಫ್. ಎಂ. ಅಲೆಕ್ಸಾಂಡರ್ ಇದನ್ನು ಕನ್ನಡಿಯಲ್ಲಿ ಕಂಡ. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಈತ ಷೇಕ್ಸ್‌ಪಿಯರ್ ವಾಚನ ಮಾಡುತ್ತಿದ್ದ, ವೇದಿಕೆಯಲ್ಲಿ ದನಿ ಕೈಕೊಡುತ್ತಿತ್ತು. ವೈದ್ಯರು ಹೇಳಿದಂತೆ ಗಂಟಲಿಗೆ ವಿಶ್ರಾಂತಿ ಕೊಟ್ಟ. ಸರಿಹೋಯಿತು, ಮತ್ತೆ ವಾಚನಕ್ಕೆ ನಿಂತರೆ ಮತ್ತದೇ ಪಾಡು. ಕನ್ನಡಿಯೆದುರು ನಿಂತು ನೋಡಿಕೊಂಡರೆ, ಮಾತು ಶುರುಮಾಡುವಾಗ ತಲೆಯನ್ನು ಹಿಂದಕ್ಕೆಳೆದು, ಧ್ವನಿಪೆಟ್ಟಿಗೆಯನ್ನು ಕೆಳಗೆ ಅದುಮಿ, ಸದ್ದಾಗುವಂತೆ ಉಸಿರೆಳೆಯುತ್ತಿದ್ದಾನೆ! ಆತ ರೂಪಿಸಿದ ಪದ್ಧತಿ ಇವತ್ತು ಎಷ್ಟೋ ನಾಟಕ ಶಾಲೆಗಳಲ್ಲಿದೆ.

ನಮ್ಮ ಸೀಮೆಯವರಿಗೆ ಕನ್ನಡಿ ಬೇಡ. ತೋಟದಾಚೆ ಇರುವವರನ್ನು ಊಟಕ್ಕೆ ಕರೆಯುವ ಅಮ್ಮನನ್ನು ನೋಡಿ. ಅಂಗಳದ ಅಂಚಿಗೆ ಬಂದು, ಕಾಲೂರಿ, ಬಾಯಿ ತೆರೆದು ಒಂದು ‘ಕೂ’ ಹಾಕುತ್ತಾರೆ. ಹೆಗಲು ಏರುವುದಿಲ್ಲ, ಕತ್ತಿನ ನರ ಉಬ್ಬುವುದಿಲ್ಲ. ಅಡಿಕೆ ಮರಗಳ ಆಚೆಯಿಂದ ಓಗೊಡುತ್ತಾರೆ. ಅದೇ ಅಮ್ಮನನ್ನು ಸಂಘದ ಸಭೆಯಲ್ಲಿ ಎರಡು ಮಾತಾಡಿ ಎಂದರೆ ಮೈಕಿಗೂ ಕೇಳಿಸದು. ದನಿ ಎಲ್ಲೂ ಹೋಗಿಲ್ಲ, ಹೆದರಿದ ಮೈ ಅದರ ದಾರಿಗೆ ಅಡ್ಡ ನಿಂತಿದೆ. ನಿಮ್ಮ ನಿರ್ದೇಶಕರು ಚಾಪೆ ಹಾಸಿಸಿರುವುದು ಆ ಅಡ್ಡವನ್ನು ತೆಗೆಯುವುದಕ್ಕೆ. ಹೊಸ ದನಿ ಕೊಡುವುದಕ್ಕಲ್ಲ.

ಸಾಗರದ ಕಡೆಯವರೆಂದಿರಿ. ಹೆಗ್ಗೋಡಿನಲ್ಲಿ ನೀನಾಸಮ್‌ನ ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರು ಸುತ್ತುವ ಅದರ ನಾಟಕ ತಂಡ ‘ತಿರುಗಾಟ’ 1985ರಲ್ಲಿ ಶುರುವಾದ ಮೇಲೆ ಆ ಭಾಗದಲ್ಲಿ ನಟನೆಯನ್ನು ಶಿಸ್ತಾಗಿ ಕಲಿತವರಿಗೆ ಬರವಿಲ್ಲ. ಇವತ್ತೊಂದು ಊರು, ನಾಳೆ ಇನ್ನೊಂದು ಎಂದು ತಿರುಗುವ ನಟರು ಗಂಟಲು ಹಿಂಡಿ ಮಾತಾಡಿದರೆ ವಾರ ದಾಟುವುದು ಕಷ್ಟ.

ಯಕ್ಷಗಾನದವರು ಚಾಪೆಯ ಮೇಲೆ ಮಲಗಿ ಕಲಿತರೇ ಎಂದು ಕೇಳಬೇಡಿ. ಡಾಬು, ಎದೆಕಟ್ಟು ಬಿಗಿದ ವೇಷಧಾರಿಗೆ ಹೊಟ್ಟೆ ಮುಂದೆ ಬರಲು ಎಡೆಯೇ ಕಡಿಮೆ, ಉಸಿರು ಪಕ್ಕೆಗೆ, ಬೆನ್ನಿಗೆ ಹರಡಬೇಕು. ಕುಣಿತ ಆ ಪಾಠವನ್ನು ಅವರಿಗೆ ಕಲಿಸಿರುತ್ತದೆ. ಮಳೆಗಾಲದಲ್ಲಿ ತಾಳಮದ್ದಳೆಗೆ ಹೋದಾಗ ಒಳ್ಳೆಯ ಅರ್ಥಧಾರಿಯ ಬೆನ್ನನ್ನು ಗಮನಿಸಿ. ವಾದ ಕಾವೇರಿದಷ್ಟೂ ಬೆನ್ನು ಉದ್ದವಾಗುತ್ತದೆ, ಹೆಗಲು ಇದ್ದಲ್ಲೇ ಇರುತ್ತದೆ. ನಾನಂತೂ ಈಗೀಗ ಮಾತಿಗಿಂತ ಅದನ್ನೇ ನೋಡುತ್ತೇನೆ.

ಮನೆಯಲ್ಲೇ ಪರೀಕ್ಷಿಸಿ ನೋಡಿ. ಅಂಗಾತ ಮಲಗಿ, ತಲೆಯಡಿಗೆ ಎರಡು ನೋಟ್‌ಬುಕ್, ಮಂಡಿ ಮಡಿಸಿ ಪಾದ ನೆಲಕ್ಕೂರಿ. ಮುಷ್ಟಿಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಿ. ಬಿಗಿಗೂ ಸಡಿಲಕ್ಕೂ ಇರುವ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಹೆಗಲು, ದವಡೆಗೂ ಹಾಗೆಯೇ ಮಾಡಿ. ಹತ್ತು ನಿಮಿಷವಾದ ಮೇಲೆ ಎದೆಯ ಮೇಲೆ ಅಂಗೈಯಿಟ್ಟು ‘ಮ್’ ಎಂದು ಮೆಲ್ಲಗೆ ಗುನುಗಿ, ಅಂಗೈಗೆ ಜುಮ್ಮೆನ್ನುವ ತನಕ. ಆಮೇಲೆ ಮಗ್ಗುಲಾಗಿ ನಿಧಾನ ಎದ್ದು, ಮಂಡಿ ಸಡಿಲ ಬಿಟ್ಟು ನಿಂತು ನಿಮ್ಮ ಮಾತು ಹೇಳಿ. ಮಲಗಿದಾಗ ನೆಲ ಹೊತ್ತಿದ್ದ ಬೆನ್ನು ಈಗ ತಾನೇ ನಿಲ್ಲಬೇಕು. ಸಡಿಲವೆಂದರೆ ಜೋಲು ಬೀಳುವುದಲ್ಲ, ಕುಗ್ಗಿದ ಎದೆಯಲ್ಲೂ ಉಸಿರಿಗೆ ಜಾಗವಿಲ್ಲ.

ಗಂಟಲಿನ ಗಂಟಿಗೆ, ಸೋಂಕಿಗೆ ಇದು ಮದ್ದಲ್ಲ. ಗೊಗ್ಗರು ದನಿ ಮೂರು ವಾರ ಕಳೆದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಇನ್ನೊಂದು ಮಾತು, ನಮ್ಮ ಮಳೆಯಲ್ಲಿ ಸಿಮೆಂಟು ನೆಲಕ್ಕೆ ಬರೀ ಚಾಪೆ ಸಾಲದು, ಅಡಿಗೊಂದು ಕಂಬಳಿ ಹಾಸಿಕೊಳ್ಳಿ. ಚಳಿಗೆ ಮೈ ಮುದುಡಿತೆಂದರೆ ಎಲ್ಲ ಮತ್ತೆ ಮೊದಲಿಂದ.