ಪ್ರಾರ್ಥನೆಯಲ್ಲಿ ಓದಿದ ಸುದ್ದಿ ತರಗತಿಗೂ ಬರಲಿ

ಪ್ರಶ್ನೆ: ಪ್ರತಿದಿನ ಪ್ರಾರ್ಥನೆಯಲ್ಲಿ ಒಬ್ಬ ವಿದ್ಯಾರ್ಥಿ ಪತ್ರಿಕೆಯ ಮುಖ್ಯಾಂಶ ಓದುತ್ತಾನೆ, ಚಪ್ಪಾಳೆ ಬೀಳುತ್ತದೆ. ಮಧ್ಯಾಹ್ನ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಇಂಟರ್‌ನೆಟ್ಟಿನಲ್ಲಿ ಮಕ್ಕಳೇ ಹುಡುಕಿ ತಿಳಿಯಲಿ ಎಂದು ಆಸೆ. ಇರುವುದು ನನ್ನದೊಂದು ಮೊಬೈಲ್, ಆಗಾಗ ಕೈಕೊಡುವ ಪ್ರೊಜೆಕ್ಟರ್, 52 ಮಕ್ಕಳು. ಎಲ್ಲಿಂದ ಶುರು ಮಾಡಲಿ?
– ಸಮಾಜ ವಿಜ್ಞಾನ ಶಿಕ್ಷಕಿ, ಸಿರುಗುಪ್ಪ ತಾಲ್ಲೂಕು

ಉತ್ತರ: ಮೇಡಂ, ಒಂದು ಮೊಬೈಲ್ ಸಾಕು. 52 ಇದ್ದಿದ್ದರೆ ನಿಮ್ಮ ಪಾಡು ಇನ್ನೂ ಕಷ್ಟವಾಗುತ್ತಿತ್ತು! ಮಕ್ಕಳು ಸುದ್ದಿಯನ್ನು ಮರೆಯುವುದು ನೆನಪಿನ ದೋಷದಿಂದಲ್ಲ. ಓದಿದ ಸುದ್ದಿಯಲ್ಲಿ ಅವರಿಗೆ ಮಾಡಲು ಏನೂ ಕೆಲಸವಿಲ್ಲ, ಅಷ್ಟೆ.

ನಿಮ್ಮ ಕಡೆಯ ಸುದ್ದಿಯನ್ನೇ ಹಿಡಿಯೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೆಳಮಟ್ಟದ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ. ‘ಏನಾಯಿತು?’ ಎಂದು ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ‘ಗೇಟು ಕೂರಿಸಲು ಎಷ್ಟು ದಿನ ನೀರು ಬಿಡಬೇಕು? ಆಮೇಲೆ ಬೆಳೆಗೆ ಉಳಿಯುವುದೆಷ್ಟು?’ ಎಂದು ಕೇಳಿ ನೋಡಿ.

ದುರಸ್ತಿಗೆ ಸುಮಾರು 60 ಟಿಎಂಸಿ ನೀರು ಹೊರಬಿಡಬೇಕಾದೀತು ಎಂಬ ಅಂದಾಜು ಮೊದಲ ದಿನಗಳಲ್ಲಿ ಕೇಳಿಬಂದಿತ್ತು. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್, ನೂರು ಕೋಟಿ ಘನ ಅಡಿ ಕೂಡಿದರೆ ಒಂದು ಟಿಎಂಸಿ, ದಿನಕ್ಕೆ 86,400 ಸೆಕೆಂಡು. ಹಾಗಾಗಿ ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಬೋರ್ಡಿನ ಮೇಲೆ ಭಾಗಿಸಿದರೆ 60 ಟಿಎಂಸಿಗೆ ಏಳು ದಿನ. ಅಷ್ಟರಲ್ಲಿ ಯಾರಾದರೂ ಒಬ್ಬಳು ‘ಮೇಲಿನಿಂದ ನೀರು ಬರ್ತಾನೇ ಇರುತ್ತಲ್ಲ ಮಿಸ್?’ ಅನ್ನಬೇಕು. ಅನ್ನದಿದ್ದರೆ ನೀವು ಅನ್ನಿಸಬೇಕು. ಮೊಬೈಲ್ ತೆಗೆಯುವ ಹೊತ್ತು ಅದು. ಒಳಹರಿವು, ಹೊರಹರಿವು, ನೀರಿನ ಮಟ್ಟ ಮೂರೂ ತುಂಗಭದ್ರಾ ಮಂಡಳಿಯ ಜಾಲತಾಣದಲ್ಲಿ ದಿನಾ ಸಿಗುತ್ತವೆ. ಮಲೆನಾಡಿನ ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ.

ಕೊನೆಗೆ ಅಷ್ಟು ನೀರು ಖಾಲಿ ಮಾಡಲೇ ಇಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ, ವಾರ ಕಳೆಯುವಷ್ಟರಲ್ಲಿ ಸೋರಿಕೆ ಕಟ್ಟಿದರು. ಹಾಗಾದರೆ ಮೊದಲ ಅಂದಾಜು ತಪ್ಪೇ? ತರಗತಿ ಜಗಳವಾಡಲಿ. ಇನ್ನೂ ಒಂದು ಪ್ರಶ್ನೆ ಮಿಕ್ಕಿರುತ್ತದೆ: ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಟಿಎಂಸಿಗೇ ತುಂಬುತ್ತದೆ. ಉಳಿದ 28 ಎಲ್ಲಿ? ಹೂಳಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಇನ್ನು ಮೊಬೈಲಿನ ಮಾತು. ಹುಡುಕುವುದರಲ್ಲೇ 40 ನಿಮಿಷದ ಪೀರಿಯಡ್ ಕಳೆದುಹೋಗಬಾರದು. 1995ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಪ್ರಾಧ್ಯಾಪಕ ಬರ್ನಿ ಡಾಡ್ಜ್ ‘ವೆಬ್‌ಕ್ವೆಸ್ಟ್’ ಎಂಬ ಪಾಠಕ್ರಮ ರೂಪಿಸಿದ್ದು ಈ ತೊಂದರೆಯನ್ನು ಕಂಡೇ: ಪುಟಗಳನ್ನು ಶಿಕ್ಷಕರು ಮೊದಲೇ ಆರಿಸಿಡುತ್ತಾರೆ, ಮಕ್ಕಳ ಸಮಯವೆಲ್ಲ ಹೋಲಿಸುವುದಕ್ಕೆ, ತೀರ್ಮಾನಿಸುವುದಕ್ಕೆ. ನೀವು ಹಿಂದಿನ ರಾತ್ರಿ ನಾಲ್ಕು ಸ್ಕ್ರೀನ್‌ಶಾಟ್ ತೆಗೆದು ಜೆರಾಕ್ಸ್ ಮಾಡಿಸಿ: ಒಂದು ಪತ್ರಿಕೆಯ ವರದಿ, ಮಂಡಳಿಯ ಅಂಕಿ, ಮಂತ್ರಿಯ ಹೇಳಿಕೆ, ರೈತ ಸಂಘದ ಮನವಿ. ಗುಂಪಿಗೊಂದು ಹಾಳೆ. ಇವು ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲಿ ಮಾತ್ರ ಮೊಬೈಲ್ ಹೊರಬರಲಿ. ಕಾಲುವೆಗೆ ನೀರು ಬಂದ ತಾರೀಕು ಯಾವುದು ಎಂಬುದಕ್ಕೆ ಮಾತ್ರ ಮಕ್ಕಳನ್ನು ಮನೆಗೆ, ಅಜ್ಜನ ಹತ್ತಿರ ಕಳಿಸಿ. ಅದನ್ನು ಅಜ್ಜನಷ್ಟು ಖಚಿತವಾಗಿ ಯಾವ ಜಾಲತಾಣವೂ ಹೇಳಲಾರದು.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ‘ಕಾಡಾನೆ ಸಮಸ್ಯೆ ಬಗ್ಗೆ ನೆಟ್‌ನಲ್ಲಿ ನೋಡಿ ಬರೆದುಕೊಂಡು ಬಾ’ ಎಂದು ಶಾಲೆಯಲ್ಲಿ ಹೇಳಿದರು. ಎಐಗೆ ಕೇಳಿ ಎರಡು ನಿಮಿಷದಲ್ಲಿ ಎರಡು ಪುಟ ಇಳಿಸಿಕೊಂಡ. ಬೈಯಲೇ, ಬಿಡಲೇ?
– ತಾಯಿ, ಹಾಸನ

ಉತ್ತರ: ಬೈಯಬೇಡಿ ತಾಯಿ. ನಕಲು ಮಾಡಬಹುದಾದ ಪ್ರಶ್ನೆಗೆ ಅವನು ನಕಲು ಉತ್ತರ ಬರೆದಿದ್ದಾನೆ. ತಪ್ಪು ಪ್ರಶ್ನೆಯದು.

ಅವನು ಬರೆದದ್ದರಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ ಎಷ್ಟೆಂದಿದೆ, ನೋಡಿ. 2017ರ ಗಣತಿಯಲ್ಲಿ 6,049 ಇತ್ತು, 2023ರಲ್ಲಿ 6,395. 2025ರಲ್ಲಿ ಹೊರಬಂದ ರಾಷ್ಟ್ರೀಯ ವರದಿಯಲ್ಲಿ 6,013. ‘ಹಾಗಾದರೆ ಆನೆ ಕಡಿಮೆಯಾದವಾ?’ ಎಂದು ಕೇಳಿ. ಅವಸರದ ಹುಡುಗ ಹೌದು ಅನ್ನುತ್ತಾನೆ. ಆ ಕೊನೆಯ ಎಣಿಕೆ ಲದ್ದಿಯಿಂದ ಡಿಎನ್‌ಎ ತೆಗೆದು ಮಾಡಿದ್ದು. ಎಣಿಸುವ ವಿಧಾನವೇ ಬೇರೆಯಾದ್ದರಿಂದ ಹಿಂದಿನವುಗಳ ಪಕ್ಕ ಇಟ್ಟು ಕೂಡಿ ಕಳೆಯುವಂತಿಲ್ಲ. ಇದನ್ನು ಅವನೇ ವರದಿ ಓದಿ ಪತ್ತೆ ಮಾಡಲಿ. ಎಐ ಸಹಾಯ ತೆಗೆದುಕೊಳ್ಳಲಿ, ಅಡ್ಡಿಯಿಲ್ಲ. ಅದು ಕೊಟ್ಟ ಅಂಕಿಯೊಂದನ್ನು ಮೂಲದ ಜೊತೆ ತಾಳೆ ನೋಡದೆ ನೋಟ್‌ಬುಕ್ಕಿಗೆ ಹಾಕಕೂಡದು ಎಂಬ ಒಂದೇ ಕಟ್ಟುಪಾಡು ಇಡಿ. ಸಕಲೇಶಪುರ, ಆಲೂರಿನ ಕಡೆ ನೆಂಟರಿದ್ದರೆ ಒಂದು ಫೋನ್ ಹಚ್ಚಿಸಿ, ‘ಈ ವರ್ಷ ಯಾವ ತಿಂಗಳು ಆನೆ ಬಂದವು?’ ಎಂದು ಕೇಳಿಸಿ.

ಪ್ರಶ್ನೆ: ಮಕ್ಕಳು ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳನ್ನೇ ಸುದ್ದಿ ಎಂದು ತರುತ್ತಾರೆ. ಸುಳ್ಳು ಅಂದರೆ ‘ನಮ್ಮ ಮಾವ ಕಳಿಸಿದ್ದು ಸರ್’ ಅನ್ನುತ್ತಾರೆ. ರಾಜಕೀಯದ ಫಾರ್ವರ್ಡ್ ಆದರೆ ಪೋಷಕರೂ ಜಗಳಕ್ಕೆ ಬರುತ್ತಾರೆ.
– ಮುಖ್ಯಶಿಕ್ಷಕ, ಬೀದರ್ ಜಿಲ್ಲೆ

ಉತ್ತರ: ‘ಸುಳ್ಳು’ ಎಂಬ ಮಾತು ನಿಮ್ಮ ಬಾಯಿಂದ ಬಂದ ಕೂಡಲೇ ಅದು ಮಾವನ ಮೇಲಿನ ಮಾತಾಗುತ್ತದೆ. ಯಾರ ಮಾವನೂ ಸಿಕ್ಕಿಬೀಳದ ಹಳೆಯ ಫಾರ್ವರ್ಡ್‌ನಿಂದ ಶುರು ಮಾಡಿ.

ನಿಮ್ಮ ಜಿಲ್ಲೆಯದೇ ಇದೆ, ಹೇಳಲು ಸಂಕಟವಾಗುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ಹರಿದಾಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬನನ್ನು, ಜುಲೈನಲ್ಲಿ ಬೀದರ್‌ನ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಇಬ್ಬರೂ ಕಳ್ಳರಲ್ಲ. ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ಆ ದೃಶ್ಯ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತೆಗೆದ ಜಾಗೃತಿ ಚಿತ್ರದ ತುಣುಕು. ಪೂರ್ತಿ ಚಿತ್ರದಲ್ಲಿ ಬೈಕು ತಿರುಗಿ ಬಂದು ಮಗುವನ್ನು ಇಳಿಸುತ್ತದೆ. ಆ ತುದಿಯನ್ನೇ ಯಾರೋ ಕತ್ತರಿಸಿದ್ದರು.

ಇಂಥದ್ದು ಬಂದಾಗ ವಿಡಿಯೊದ ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟು, ಇದು ಮೊದಲು ಎಲ್ಲಿ, ಯಾವಾಗ ಕಾಣಿಸಿತು ಎಂದು ನೋಡುವುದನ್ನು ಮಕ್ಕಳಿಗೆ ಕಲಿಸಿ. ಅಂಗಡಿ ಫಲಕ ಯಾವ ಭಾಷೆಯದು, ಕೊನೆ ಯಾಕೆ ಥಟ್ಟನೆ ನಿಂತಿತು ಎಂಬುದನ್ನು ಬರಿಗಣ್ಣಿಗೇ ಗುರುತಿಸುತ್ತಾರೆ. ಇದರಲ್ಲಿ ಮಕ್ಕಳು ನಮಗಿಂತ ಚುರುಕು.

ರಾಜಕೀಯದ ಫಾರ್ವರ್ಡ್‌ನಲ್ಲಿ ‘ಯಾರು ಒಳ್ಳೆಯವರು’ ಎಂಬ ಪ್ರಶ್ನೆಗೆ ತರಗತಿಯಲ್ಲಿ ಜಾಗ ಬೇಡ. ‘ಈ ಅಂಕಿ ಎಲ್ಲಿಂದ ಬಂತು’ ಎಂಬುದಕ್ಕೆ ಇರಲಿ. ಎಲ್ಲ ಪಕ್ಷದ ಫಾರ್ವರ್ಡ್‌ಗೂ ಅದೇ ಒರೆಗಲ್ಲು ಹಚ್ಚುತ್ತೀರಿ ಎಂದು ತಿಳಿದರೆ ಪೋಷಕರೂ ತಣ್ಣಗಾಗುತ್ತಾರೆ. ಎಲ್ಲರೂ ಆಗುವುದಿಲ್ಲ, ಅದು ಬೇರೆ ಮಾತು.

ಪ್ರಶ್ನೆ: ಪೋರ್ಷನ್ ಮುಗಿಸುವುದೇ ಕಷ್ಟ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಥ ಸುದ್ದಿ ಚಟುವಟಿಕೆಗೆ ಅಂಕ ಉಂಟೇ?
– ಶಿಕ್ಷಕ, ದಾವಣಗೆರೆ

ಉತ್ತರ: ಇಲ್ಲ. ಎಂಟು, ಒಂಬತ್ತನೇ ತರಗತಿಯಲ್ಲಿ ಮಾಡಿ, ಶನಿವಾರದ ಕೊನೆಯ ಪೀರಿಯಡ್ ಸಾಕು. ನಿಮ್ಮ ಮಕ್ಕಳು ಎತ್ತಿಕೊಂಡ ಪ್ರಶ್ನೆಗಳನ್ನು ನಮಗೂ ಬರೆದು ಕಳಿಸಿ. ಉತ್ತರ ಸಿಗದೆ ಉಳಿದವನ್ನು ಮೊದಲು ಕಳಿಸಿ.