ಬಿಲ್ಲಿಗೆ ಕೊಬ್ಬರಿ ಎಣ್ಣೆ ಏಕೆ ಆಗುವುದಿಲ್ಲ?

ಕಳೆದ ಮಳೆಗಾಲದಲ್ಲಿ ಪ್ರಥಮ ಪಿಯುಸಿಯ ಇಬ್ಬರು ಹುಡುಗರು ತಾವೇ ಮಾಡಿದ ಬಿದಿರಿನ ಬಿಲ್ಲೊಂದನ್ನು ಹಿಡಿದು ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಬಂದರು. ತುರುವೇಕೆರೆ ಕಡೆಯ ತೋಟದ ಬಿದಿರು. ಕಾಯಿ ಒಣಗುವ ಅಟ್ಟದಲ್ಲೇ ಒಂದು ವರ್ಷ ಇಟ್ಟು ಒಣಗಿಸಿದ್ದರಂತೆ. ಬಿಸಿಲಿಗಿಂತ ಅದೇ ಒಳ್ಳೆಯದು. ಆದರೆ ಬಿಲ್ಲನ್ನು ಮುಟ್ಟಿದರೆ ಜಿಡ್ಡು, ಮೇಲೆಲ್ಲ ಕೆಂಪು ಧೂಳು. ಹೆದೆ ಬಿಚ್ಚಿದರೂ ಬಿಲ್ಲು ಬಾಗಿಯೇ ಉಳಿದಿತ್ತು.

“ವಾರಕ್ಕೊಂದು ಸಲ ಕೊಬ್ಬರಿ ಎಣ್ಣೆ ಹಚ್ಚಿದೀವಿ ಸರ್. ಆದ್ರೂ ನೀರು ಕುಡಿದಿದೆ” ಎಂದ ಒಬ್ಬ.

ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರ ಕೈ ಮೊದಲು ಹೋಗುವುದೇ ಕೊಬ್ಬರಿ ಎಣ್ಣೆ ಬಾಟಲಿಗೆ. ತಲೆಗೆ, ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ ಎಲ್ಲಕ್ಕೂ ಅದೇ. ಬಿಲ್ಲಿಗೆ ಮಾತ್ರ ಅದು ಆಗುವುದಿಲ್ಲ. ಏಕೆ ಎಂಬುದಕ್ಕೆ ಉತ್ತರ ನಿಮ್ಮ ಪಠ್ಯದಲ್ಲೇ ಇದೆ.

ಎಣ್ಣೆಗಳಲ್ಲಿ ಒಣಗುವವು, ಒಣಗದವು ಎಂದು ಎರಡು ಬಗೆ. ಇಲ್ಲಿ ಒಣಗುವುದೆಂದರೆ ನೀರು ಆವಿಯಾದಂತೆ ಅಲ್ಲ. ಕೊಬ್ಬಿನಾಮ್ಲದ ಸರಪಳಿಯಲ್ಲಿ ದ್ವಿಬಂಧಗಳಿದ್ದರೆ ಗಾಳಿಯ ಆಮ್ಲಜನಕ ಅಲ್ಲಿ ಕೆಲಸ ಮಾಡುತ್ತದೆ. ಒಂದು ಅಣು ಪಕ್ಕದ ಅಣುವಿಗೆ ಬೆಸೆದು ಬಲೆಯಾಗುತ್ತದೆ. ಎಣ್ಣೆ ಗಟ್ಟಿ ಪದರವಾಗುತ್ತದೆ. ದ್ವಿಬಂಧ ಎಷ್ಟಿದೆ ಎಂದು ಅಳೆಯುವುದು ಅಯೋಡಿನ್ ಸಂಖ್ಯೆಯಿಂದ, ಅಂದರೆ 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದರಿಂದ. ಅಗಸೆ ಎಣ್ಣೆಗೆ ಇದು ಸುಮಾರು 170ರಿಂದ 200. ಕೊಬ್ಬರಿ ಎಣ್ಣೆಗೆ ಹತ್ತರ ಆಸುಪಾಸು. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಸಂತೃಪ್ತ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಆಮ್ಲಜನಕಕ್ಕೆ ಹಿಡಿದುಕೊಳ್ಳಲು ಜಾಗವೇ ಇಲ್ಲ. ಬೇಗ ಕಮಟುವುದಿಲ್ಲ ಎಂದು ನಾವು ಅದನ್ನು ಹೊಗಳುವುದಕ್ಕೂ, ಅದು ಮರದ ಮೇಲೆ ಎಂದೂ ಒಣಗದಿರುವುದಕ್ಕೂ ಕಾರಣ ಒಂದೇ. ಹೊಂಗೆ, ಹರಳೆಣ್ಣೆಗಳಲ್ಲಿ ಈ ಸಂಖ್ಯೆ ಇನ್ನೂ ಹೆಚ್ಚಿದ್ದರೂ ಗಟ್ಟಿ ಪದರ ಕಟ್ಟುವಷ್ಟಿಲ್ಲ.

ಹಾಗಾದರೆ ಏನು ಹಚ್ಚಬೇಕು? ಅದಕ್ಕೆ ಮೊದಲು ಬಿಲ್ಲಿನ ಸ್ವಭಾವ ತಿಳಿಯಬೇಕು. ಮರ, ಬಿದಿರು ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಬಿಡುತ್ತಲೇ ಇರುತ್ತವೆ. ತೇವ ಹೆಚ್ಚಾದರೆ ಬಿಲ್ಲಿನ ಸೆಟೆತ ಹೋಗಿ ಬಾಗಿಯೇ ಉಳಿಯುತ್ತದೆ, ಬಾಣ ಸೊಟ್ಟಗಾಗುತ್ತದೆ. ತೀರಾ ಒಣಗಿದರೆ ಎಳೆಯುವಾಗ ಸೀಳುತ್ತದೆ. ಯಾವ ಲೇಪವೂ ತೇವವನ್ನು ಪೂರ್ತಿ ತಡೆಯದು, ಒಳಹೋಗುವುದನ್ನು ನಿಧಾನ ಮಾಡುತ್ತದೆ ಅಷ್ಟೆ. ಮೇಜು ಇದ್ದಲ್ಲೇ ಇರುತ್ತದೆ. ಬಿಲ್ಲು ಪ್ರತಿ ಎಳೆತಕ್ಕೂ ಬಾಗುತ್ತದೆ. ಆದ್ದರಿಂದ ಲೇಪ ಗಟ್ಟಿಯಾಗಿದ್ದರೆ ಸಾಲದು, ಜೊತೆಗೆ ಬಾಗಬೇಕು. ದಪ್ಪಗೆ ಬಳಿದ ವಾರ್ನಿಷ್ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಸಾಲದ್ದಕ್ಕೆ ಬಿಲ್ಲಿನ ತುದಿಯಲ್ಲಿ ತೂಕ ಹೆಚ್ಚಿದಷ್ಟೂ ಬಾಣದ ವೇಗ ಕಡಿಮೆ.

ನಮ್ಮ ರಾಜ್ಯದಲ್ಲಿ ಮರದ ಲೇಪ ಎಂದರೆ ನೆನಪಾಗುವುದು ಚನ್ನಪಟ್ಟಣದ ಗೊಂಬೆ. ಅದು ಅರಗಿನ ಕೆಲಸ. ಮರದ ಕೊಂಬೆಗಳ ಮೇಲೆ ಬದುಕುವ ಒಂದು ಸಣ್ಣ ಕೀಟ ಸ್ರವಿಸುವ ರಾಳವೇ ಅರಗು. ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಶಾಖಕ್ಕೇ ಅರಗು ಮೆತ್ತಗಾಗಿ ಹತ್ತಿಕೊಳ್ಳುತ್ತದೆ. ಬಿಲ್ಲನ್ನು ಹಾಗೆ ತಿರುಗಿಸಲಾಗದು. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ಹಚ್ಚಬೇಕು. ಪಾಲಿಶ್ ಕೆಲಸದ ನನ್ನ ಮಾಮು ಆ ಚಕ್ಕೆಗೆ ‘ಚಪಡಾ’ ಎನ್ನುತ್ತಿದ್ದರು. ಗಾಳಿಯ ತೇವ ತಡೆಯುವುದರಲ್ಲಿ ಅರಗು ಬಹಳ ಗಟ್ಟಿ. ಆದರೆ ಮಳೆನೀರು ನಿಂತರೆ ಬೆಳ್ಳಗಾಗುತ್ತದೆ, ಬಾಗಿಸಿದರೆ ಬಿರಿಯುತ್ತದೆ. ಹಾಗಾಗಿ ಬಿಲ್ಲಿಗಿಂತ ಬಾಣಕ್ಕೆ ಅದು ಹೆಚ್ಚು ಹೊಂದುತ್ತದೆ. ಬಾಣಕ್ಕೆ ಇನ್ನೊಂದು ಕಾರಣವೂ ಇದೆ: ಎಣ್ಣೆ ಹೀರಿದ ಕಡ್ಡಿಗೆ ಗರಿ ಅಂಟುವುದಿಲ್ಲ. ಗರಿಯ ಜಾಗ ಬಿಟ್ಟು ಅರಗು ಹಚ್ಚಿ, ಗರಿ ಅಂಟಿಸಿ, ಮೇಲೆ ತೆಳುವಾಗಿ ವಾರ್ನಿಷ್ ಕೊಟ್ಟರೆ ಸಾಕು.

ತುರ್ಕಿ ಬಿಲ್ಲುಗಾರರಿಗೆ ಈ ಚಿಂತೆ ನಮಗಿಂತ ಹೆಚ್ಚಿತ್ತು. ಕೊಂಬು, ಮರ, ಪ್ರಾಣಿಗಳ ನರ ಸೇರಿಸಿ ಕಟ್ಟಿದ ಅವರ ಬಿಲ್ಲಿನ ಅಂಟೇ ನೀರಿನಲ್ಲಿ ಕರಗುವಂಥದ್ದು. ಅದಕ್ಕೇ ಮೇಲೆ ತೆಳು ತೊಗಲನ್ನೋ ಮರದ ತೊಗಟೆಯನ್ನೋ ಹೊದಿಸಿ ವಾರ್ನಿಷ್ ಬಳಿಯುತ್ತಿದ್ದರು.

ಬಿಲ್ಲಿಗೆ ನಾನು ಹೇಳಿದ್ದು ಅಗಸೆ ಎಣ್ಣೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿ ಮಾಡುವ ಅದೇ ಅಗಸೆಯ ಎಣ್ಣೆ. ಪೇಂಟ್ ಅಂಗಡಿಯಲ್ಲಿ ‘ಬಾಯಿಲ್ಡ್ ಲಿನ್‌ಸೀಡ್’ ಎಂದು ಕೇಳಿ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ಒಂದು ದಿನ ಕಾಯಬೇಕು. ಹೀಗೆ ನಾಲ್ಕೈದು ಸಲ. ಕೊನೆಗೆ ಜೇನುಮೇಣ ಉಜ್ಜಬಹುದು. ಅಗಸೆ ಎಣ್ಣೆ ಅರಗಿನಷ್ಟು ತೇವ ತಡೆಯದು, ಆದರೆ ಬಿಲ್ಲಿನ ಜೊತೆ ಬಾಗುತ್ತದೆ. ಸವೆದರೆ ಅಲ್ಲಿಗಷ್ಟೇ ಮತ್ತೆ ಹಚ್ಚಬಹುದು.

ಇಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನವಿಟ್ಟು ಓದಿ. ಎಣ್ಣೆ ಒಣಗುವುದು ಉತ್ಕರ್ಷಣ, ಅದರಿಂದ ಶಾಖ ಹೊರಬರುತ್ತದೆ. ಬಿಲ್ಲಿನ ಮೇಲೆ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆಯಾಗಿ ಬಿಸಾಡಿದ ಒರೆಸುವ ಬಟ್ಟೆಯೊಳಗೆ ಅದು ಕೂಡುತ್ತಾ ಹೋಗಿ, ಯಾರೂ ಕಡ್ಡಿ ಗೀರದೆ ಬಟ್ಟೆ ಹೊತ್ತಿಕೊಳ್ಳಬಹುದು. ಪಿಯುಸಿ ಓದುವಾಗ ಮಾಮು ಜೊತೆ ಕೆಲಸಕ್ಕೆ ಹೋಗಿದ್ದ ನಾನು ಅಂಥ ಬಟ್ಟೆಗಳನ್ನು ಶೆಡ್‌ನ ಮೂಲೆಯ ತೆಂಗಿನ ನಾರಿನ ರಾಶಿಯ ಮೇಲೆ ಎಸೆದು ಬಂದಿದ್ದೆ. ಮಗ್ರಿಬ್ ಹೊತ್ತಿಗೆ ಮಾಮಿ ಸುಟ್ಟ ವಾಸನೆ ಎಂದರು. ಹೋಗಿ ನೋಡಿದರೆ ರಾಶಿಯ ಒಳಗಿನಿಂದ ಹೊಗೆ ಬರುತ್ತಿತ್ತು. ನಾಲ್ಕು ಕೊಡ ನೀರಿಗೆ ಆರಿತು. ಪಕ್ಕದ ಗೋಡೆಯಾಚೆ ಕೊಬ್ಬರಿ ತುಂಬಿದ ಅಟ್ಟವಿತ್ತು. ಮಾಮು ನನ್ನನ್ನು ಬೈಯಲಿಲ್ಲ; ಆ ಇಡೀ ರಾತ್ರಿ ಶೆಡ್ ಬಾಗಿಲಲ್ಲೇ ಕೂತಿದ್ದರು.

ನಮ್ಮ ಹುಡುಗರ ಬಿಲ್ಲಿಗೆ ಬಂದರೆ, ಜಿಡ್ಡಿನ ಮೇಲೆ ಯಾವ ಲೇಪವೂ ಹಿಡಿಯದು. ಟರ್ಪಂಟೈನ್‌ನಲ್ಲಿ ಒರೆಸಿ, ಉಪ್ಪುಕಾಗದ ಉಜ್ಜಿ, ನೆರಳಲ್ಲಿ ಒಣಗಿಸಿ ಮತ್ತೆ ಶುರು ಮಾಡಿದ್ದಾರೆ. ಬಾಗು ಪೂರ್ತಿ ಹೋಗಿಲ್ಲ. ಜೊತೆಗೆ ಒಂದೇ ಅಳತೆಯ ಐದು ಬಿದಿರ ಪಟ್ಟಿ ಕತ್ತರಿಸಿ, ಒಂದನ್ನು ಬರಿದೇ ಬಿಟ್ಟು, ಉಳಿದವಕ್ಕೆ ಕೊಬ್ಬರಿ ಎಣ್ಣೆ, ಅಗಸೆ ಎಣ್ಣೆ, ಅರಗು, ವಾರ್ನಿಷ್ ಹಚ್ಚಿದ್ದಾರೆ. ನೀರಿನ ತಟ್ಟೆ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಅವನ್ನು ತೂಗುಹಾಕಿ ದಿನವೂ ಮಧ್ಯಾಹ್ನ ತೂಕ ಬರೆಯುತ್ತಿದ್ದಾರೆ. ನೋಡಬೇಕೆನ್ನುವವರು ಪ್ರಯೋಗಾಲಯಕ್ಕೆ ಬನ್ನಿ. ಬಾಗಿಲ ಪಕ್ಕ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬ ಇಟ್ಟಿದ್ದೇನೆ. ಒರೆಸಿದ ಬಟ್ಟೆ ಅದರೊಳಗೇ ಹಾಕಬೇಕು.